ನಾದವೇ ಕಾಯಕ, ಅನ್ನವೇ ದಾಸೋಹ: ಗಾನಯೋಗಿ ಪಂಚಾಕ್ಷರ ಗವಾಯಿಗಳ ಬದುಕು

ಜೂನ್ ತಿಂಗಳು ಬಂದೊಡನೆ ನಾಡಿನ ಸಂಗೀತಾಭಿಮಾನಿಗಳ ಮನಸ್ಸು ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಕಡೆಗೆ ಹೊರಳುತ್ತದೆ. ಆ ಆಶ್ರಮದ ಸ್ಥಾಪಕರಾದ ಗಾನಯೋಗಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದದ್ದು 1944ರ ಜೂನ್ 11ರಂದು. ಅವರು ಈ ಲೋಕದಲ್ಲಿ ಇದ್ದದ್ದು ಐವತ್ತೆರಡು ವರ್ಷ. ಹುಟ್ಟಿನಿಂದಲೇ ಕಣ್ಣಿನ ಬೆಳಕಿಲ್ಲದ ಒಬ್ಬ ಬಡ ಜಂಗಮರ ಮಗ ಆ ಐವತ್ತೆರಡು ವರ್ಷಗಳಲ್ಲಿ ಹಾಡುಗಾರರಾದರು, ವಾದ್ಯಗಾರರಾದರು, ನಾಟಕ ಮಂಡಳಿಯನ್ನು ನಡೆಸಿದರು. ಇವೆಲ್ಲಕ್ಕಿಂತ ಮಿಗಿಲಾಗಿ ನೂರಾರು ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ನೀಡಿದ ಗುರುವಾದರು.

ಅವರನ್ನು ಸ್ಮರಿಸುವಾಗ ಪವಾಡಗಳ ಮಾತೇ ಹೆಚ್ಚಾಗಿ ಕೇಳಿಬರುವುದುಂಟು. ಭಕ್ತರ ಶ್ರದ್ಧೆಯನ್ನು ನಾವು ಗೌರವಿಸುತ್ತೇವೆ. ಆದರೆ ಈ ಬರಹದಲ್ಲಿ ನಾವು ಹೇಳಹೊರಟಿರುವುದು ಅವರ ದುಡಿಮೆಯ ಕಥೆ. ಒಂದು ಕಲೆಯನ್ನು ಕಲಿಯುವುದೇ ಒಂದು ಜನ್ಮದ ಕೆಲಸವೆಂದು ಲೋಕ ಹೇಳುತ್ತದೆ. ಹೀಗಿರುವಾಗ ಒಬ್ಬರು ಹಲವು ಕಲೆಗಳನ್ನು ಹೇಗೆ ಒಳಗೊಂಡರು, ಒಂದರ ಬಲವನ್ನು ಇನ್ನೊಂದಕ್ಕೆ ಹೇಗೆ ಎರೆದರು, ಅದೆಲ್ಲವನ್ನೂ ಹಸಿವಿನ ನಡುವೆ ಹೇಗೆ ಉಳಿಸಿಕೊಂಡರು ಎಂಬುದು ವಿಚಾರ ಮಾಡತಕ್ಕ ಸಂಗತಿ. ಮಕ್ಕಳಿಗೆ ಸಂಗೀತ ಕಲಿಸಬೇಕೋ ಬೇಡವೋ, ಕಲಿಸಿದರೆ ಅದರಿಂದ ಬದುಕು ನಡೆದೀತೇ ಎಂದು ಮಠಕ್ಕೆ ಬರುವ ತಂದೆತಾಯಿಗಳು ಇಂದಿಗೂ ಕೇಳುತ್ತಾರೆ. ಗವಾಯಿಗಳ ಬದುಕಿನಲ್ಲಿ ಆ ಪ್ರಶ್ನೆಗೆ ಒಂದು ಉತ್ತರವಿದೆ.

ಕಾಡಶೆಟ್ಟಿಹಳ್ಳಿಯ ಸೋದರರು

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿ ಅವರ ಜನ್ಮಸ್ಥಳ. 1892ರ ಫೆಬ್ರವರಿ 2ರಂದು ಗುರುಪಾದಯ್ಯ ಮತ್ತು ನೀಲಮ್ಮ ದಂಪತಿಗಳ ಮಗನಾಗಿ ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ಗದಿಗೆಯ್ಯ. ಅವರ ಸೋದರ ಗುರುಬಸಯ್ಯನವರಿಗೂ ಕಣ್ಣು ಕಾಣುತ್ತಿರಲಿಲ್ಲ.

ಆ ಕಾಲವನ್ನು ನಾವು ಸ್ವಲ್ಪ ನೆನೆಯಬೇಕು. ಹಾನಗಲ್ಲು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ನಾಲ್ಕೈದು ವರ್ಷಗಳಲ್ಲಿ ಮುಂಬಯಿ ಪ್ರಾಂತವನ್ನು ಎರಡು ಘೋರ ಬರಗಾಲಗಳು ಹಿಂಡಿದವು. ಪ್ಲೇಗು ಊರೂರುಗಳನ್ನು ಖಾಲಿ ಮಾಡಿಸಿತು. ಕಣ್ಣುಳ್ಳವರಿಗೇ ಕೂಲಿ ದೊರೆಯದ ದಿನಗಳವು. ಕುರುಡು ಮಕ್ಕಳೆಂದರೆ ಮನೆಗೆ ಭಾರವೆಂದೂ ಪೂರ್ವಜನ್ಮದ ಫಲವೆಂದೂ ತಿಳಿಯುವ ಸಮಾಜವದು. ಅಂಥ ಮಕ್ಕಳ ಪಾಲಿಗೆ ಉಳಿದ ದಾರಿ ಒಂದೇ. ಗುಡಿಯ ಬಾಗಿಲಲ್ಲೋ ಸಂತೆಯ ಬಯಲಲ್ಲೋ ಕೈಚಾಚಿ ಹಾಡುವುದು.

ಈ ಇಬ್ಬರು ಸೋದರರಲ್ಲಿಯೂ ಕಂಠವಿತ್ತು, ಕೇಳಿದ್ದನ್ನು ಹಿಡಿದಿಡುವ ನೆನಪಿತ್ತು. ಊರಿನ ಭಜನೆ, ಶಿವಭಕ್ತಿಯ ಪದಗಳು ಕಿವಿಗೆ ಬಿದ್ದೊಡನೆ ಅವರ ಬಾಯಲ್ಲಿ ನೆಲೆಸುತ್ತಿದ್ದವು. ಆ ಗುಣವನ್ನು ಗುರುತಿಸುವವರು ಬೇಕಾಗಿತ್ತು.

ಹಾನಗಲ್ಲ ಗುರುವಿನ ದೃಷ್ಟಿ

ಗುರುತಿಸಿದವರು ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಮಹಾಸ್ವಾಮಿಗಳು. ಸಮಾಜದ ಏಳಿಗೆಗಾಗಿ ತಮ್ಮನ್ನು ತೇಯ್ದುಕೊಂಡ ಆ ಮಹನೀಯರ ಪರಿಚಯವನ್ನು ನಮ್ಮ ಓದುಗರಿಗೆ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆ, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ತಟದಲ್ಲಿ ಶಿವಯೋಗಮಂದಿರ ಅವರ ಪ್ರಯತ್ನದಿಂದ ಮೂಡಿದವು. ಶಿವಯೋಗಮಂದಿರದಲ್ಲಿ ವಟುಗಳ ಅಧ್ಯಯನದೊಂದಿಗೆ ಗೋಶಾಲೆಯಿತ್ತು, ವಿಭೂತಿಯ ತಯಾರಿಕೆಯಿತ್ತು, ತಾಳೆಗರಿಗಳ ಸಂಗ್ರಹವಿತ್ತು, ಯೋಗಸಾಧನೆಯಿತ್ತು. ಸಂಗೀತಕ್ಕೂ ಅಲ್ಲಿ ಎಡೆಯಿತ್ತು ಎಂಬುದು ಇಲ್ಲಿ ನಾವು ಗಮನಿಸಬೇಕಾದ ಸಂಗತಿ.

ಸೋದರರ ಹಾಡನ್ನು ಕೇಳಿದ ಸ್ವಾಮಿಗಳು ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಕರುಣೆಯಿಂದ ಎರಡು ಹೊತ್ತಿನ ಪ್ರಸಾದ ಕೊಟ್ಟು ಮಠದ ಮೂಲೆಯಲ್ಲಿ ಕೂರಿಸಿದ್ದರೆ ಅದೂ ಒಂದು ಪುಣ್ಯಕಾರ್ಯವೇ ಆಗುತ್ತಿತ್ತು. ಆದರೆ ಸ್ವಾಮಿಗಳ ಆಲೋಚನೆ ಮುಂದಿನದು. ಕಾಯಕವಿಲ್ಲದ ಅನ್ನ ಶರಣಧರ್ಮಕ್ಕೆ ಒಪ್ಪುವುದಿಲ್ಲ. ಕಣ್ಣಿಲ್ಲದವನಿಗೂ ಒಂದು ಕಾಯಕ ಬೇಕು. ಆ ಕಾಯಕ ಅರೆಬರೆಯಾಗಿರದೆ ಲೋಕವೇ ತಲೆದೂಗುವಂತಿರಬೇಕು. ಹೀಗೆ ಭಾವಿಸಿ ಅವರು ಸೋದರರನ್ನು ಶಾಸ್ತ್ರೀಯ ಸಂಗೀತದ ಶಿಕ್ಷಣಕ್ಕೆ ಕಳುಹಿಸಿದರು. ಗುರುಬಸಯ್ಯನವರು ಬಹುಕಾಲ ಬಾಳಲಿಲ್ಲ. ಜೊತೆಯಲ್ಲಿ ಹಾಡುತ್ತಿದ್ದ ಸೋದರನನ್ನು ಕಳೆದುಕೊಂಡ ಗದಿಗೆಯ್ಯನವರು ಸಂಗೀತವನ್ನು ಬಿಡದೆ ಅದನ್ನೇ ತಪಸ್ಸಾಗಿಸಿಕೊಂಡರು. ಗುರುವಿನ ಕೃಪೆಯಿಂದ ಅವರಿಗೆ ಪಂಚಾಕ್ಷರಿ ಎಂಬ ಹೆಸರು ಬಂದಿತು. ಹಾಡುಗಾರರನ್ನು ಗೌರವದಿಂದ ಕರೆಯುವ ಗವಾಯಿ ಎಂಬ ಪದವು ಮುಂದೆ ಅದಕ್ಕೆ ಸೇರಿಕೊಂಡಿತು. ಜೀವನಪರ್ಯಂತ ಬ್ರಹ್ಮಚಾರಿಯಾಗಿದ್ದು, ಅಂಧ ಅನಾಥರಿಗೆ ಸಂಗೀತವನ್ನು ಕಲಿಸುವುದಕ್ಕೆ ಬಾಳನ್ನು ಮುಡಿಪಾಗಿಡುವುದು ಅವರು ಗುರುವಿನ ಮುಂದೆ ಕೈಕೊಂಡ ನಿಷ್ಠೆ.

ಎರಡು ಪದ್ಧತಿ, ಒಂದು ಕಂಠ

ಮೊದಲು ಮೈಸೂರಿನಲ್ಲಿ ಕರ್ನಾಟಕ ಸಂಗೀತ. ಅನಂತರ ಉಸ್ತಾದ್ ವಹೀದ್ ಖಾನರಿಂದಲೂ ನೀಲಕಂಠಬುವಾ ಮಿರಜಕರರಿಂದಲೂ ಹಿಂದೂಸ್ತಾನಿ ಸಂಗೀತ. ಗವಾಯಿಗಳ ಕಲಿಕೆಯ ದಾರಿ ಹೀಗೆ ತೆಂಕಣದಿಂದ ಬಡಗಣಕ್ಕೆ ಸಾಗಿತು. ಮುಸಲ್ಮಾನ ಉಸ್ತಾದರೊಬ್ಬರು ವಿರಕ್ತಮಠದ ಶಿಷ್ಯನಿಗೆ ವಿದ್ಯೆ ಧಾರೆಯೆರೆದದ್ದು ನಮ್ಮ ಪರಂಪರೆಯ ಉದಾರತೆಗೆ ಸಾಕ್ಷಿ. ಅದನ್ನು ಏರ್ಪಡಿಸಿದವರು ಕುಮಾರ ಸ್ವಾಮಿಗಳೇ ಎಂಬುದನ್ನು ಮರೆಯಲಾಗದು.

ಆ ಕಾಲದ ಉತ್ತರ ಕರ್ನಾಟಕ ಎರಡು ಪದ್ಧತಿಗಳು ಕೂಡುವ ಸಂಗಮವಾಗಿತ್ತು. ಮೈಸೂರು ಅರಮನೆಯ ದಸರೆಗೆ ಹೋಗಿಬರುವ ಉತ್ತರದ ಗಾಯಕರು ಮಿರಜ, ಧಾರವಾಡ, ಹುಬ್ಬಳ್ಳಿಗಳಲ್ಲಿ ತಂಗುತ್ತಿದ್ದರು. ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿಯೇ ನೆಲೆಸಿದರು. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು ಆ ಗಾನವನ್ನು ಕನ್ನಡದ ನೆಲದಲ್ಲಿ ಬೇರೂರಿಸಿದರು. ಹೀಗಿದ್ದರೂ ಬಹುಪಾಲು ಗಾಯಕರು ಒಂದು ಪದ್ಧತಿಯನ್ನು ಹಿಡಿದು ಮತ್ತೊಂದರಿಂದ ದೂರವಿರುತ್ತಿದ್ದರು. ಎರಡನ್ನೂ ಸಮನಾಗಿ ಅಳವಡಿಸಿಕೊಂಡವರು ವಿರಳ. ಗವಾಯಿಗಳು ಆ ವಿರಳರಲ್ಲೊಬ್ಬರು. ಉಭಯಗಾನವಿಶಾರದ ಎಂಬ ಬಿರುದು ಅವರಿಗೆ ಸಲ್ಲುವುದು ಇದಕ್ಕಾಗಿಯೇ.

ಈ ಎರಡನ್ನೂ ಒಂದೇ ಕಂಠದಲ್ಲಿ ನಿಲ್ಲಿಸುವುದು ಎಷ್ಟು ಕಷ್ಟವೆಂಬುದನ್ನು ಸಂಗೀತ ಬಲ್ಲವರು ಅರಿಯರೆ? ಸ್ವರಗಳ ಲೆಕ್ಕದಲ್ಲಿ ಕರ್ನಾಟಕದ ಮೋಹನವೂ ಹಿಂದೂಸ್ತಾನಿಯ ಭೂಪಾಲಿಯೂ ಒಂದೇ. ಹಿಂದೋಳವೂ ಮಾಲಕಂಸವೂ ಒಂದೇ. ಆದರೆ ಹಾಡಿದಾಗ ಅವು ಅಕ್ಕತಂಗಿಯರಂತೆ ಹೋಲುತ್ತಲೇ ಬೇರೆ ಬೇರೆಯಾಗಿ ನಿಲ್ಲುತ್ತವೆ. ಕರ್ನಾಟಕದಲ್ಲಿ ಸ್ವರವು ಗಮಕದಿಂದ ತೂಗುತ್ತದೆ, ಕೃತಿಯ ಕಟ್ಟು ಬಿಗಿಯಾಗಿರುತ್ತದೆ. ಹಿಂದೂಸ್ತಾನಿಯಲ್ಲಿ ಸ್ವರದ ಮೇಲೆ ನೆಲೆನಿಂತು, ಎರಡು ಸಾಲಿನ ಬಂದಿಶನ್ನು ಹಿಡಿದು ರಾಗವನ್ನು ಮೆಲ್ಲಮೆಲ್ಲನೆ ಬಿಡಿಸಬೇಕು. ಒಂದರ ಅಭ್ಯಾಸ ಇನ್ನೊಂದರೊಳಗೆ ನುಸುಳಿದರೆ ಎರಡೂ ಕೆಡುತ್ತವೆ. ತಾಳದ ನಡೆಯೂ ಹಾಗೆಯೇ. ಆದಿತಾಳದ ಎಂಟು ಅಕ್ಷರಗಳನ್ನು ಕೈಯಲ್ಲಿ ಎಣಿಸಿದವನು ತೀನತಾಳದ ಹದಿನಾರು ಮಾತ್ರೆಗಳನ್ನು ತಬಲಾದ ಠೇಕಾದೊಳಗೆ ಕೇಳಿಯೇ ಅರಿಯಬೇಕು.

ಕಣ್ಣಿದ್ದವರು ಸ್ವರಲಿಪಿಯನ್ನು ಬರೆದಿಟ್ಟುಕೊಳ್ಳಬಹುದು. ಗವಾಯಿಗಳಿಗೆ ಆ ಆಸರೆಯಿರಲಿಲ್ಲ. ಗುರು ಹಾಡಿದ್ದನ್ನು ಒಮ್ಮೆ ಕೇಳಿ, ಹಲವು ಬಾರಿ ಹಾಡಿ, ಮನಸ್ಸಿನೊಳಗೆ ಬೇರೆ ಬೇರೆ ಗೂಡುಗಳಲ್ಲಿ ಇಡಬೇಕಾಗಿತ್ತು. ಇಲ್ಲಿಯೇ ಅವರ ಸಾಧನಾಕ್ರಮದ ತಿರುಳಿದೆಯೆಂದು ನಾವು ಭಾವಿಸುತ್ತೇವೆ. ಅವರು ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದರು. ಮೊದಲನೆಯದು ಗಟ್ಟಿಯಾದ ಮೇಲೆಯೇ ಎರಡನೆಯದರ ಬಾಗಿಲು ತಟ್ಟಿದರು. ಬಾಗಿಲು ತಟ್ಟಿದಲ್ಲಿ ತಾವು ಈಗಾಗಲೇ ವಿದ್ವಾಂಸರೆಂಬ ಅಭಿಮಾನವನ್ನು ಹೊರಗಿಟ್ಟು ಮತ್ತೆ ಹೊಸ ವಿದ್ಯಾರ್ಥಿಯಾಗಿ ಕುಳಿತರು. ಹಲವು ಕಲೆಗಳನ್ನು ಕಲಿಯಬಯಸುವವರಿಗೆ ಈ ವಿನಯವೇ ಮೊದಲ ಪಾಠ.

ತಬಲಾ, ಹಾರ್ಮೋನಿಯಂ ಮೊದಲಾದ ವಾದ್ಯಗಳ ಅಭ್ಯಾಸವೂ ಹಾಡಿನ ಜೊತೆಯಲ್ಲಿಯೇ ಬೆಳೆಯಿತು. ಕಲಿಸುವ ಗುರುವಿಗೆ ಅದು ಅಗತ್ಯವೂ ಆಗಿತ್ತು. ಎಲ್ಲ ಮಕ್ಕಳಿಗೂ ಕಂಠವಿರುವುದಿಲ್ಲ; ಒಬ್ಬನಿಗೆ ಬೆರಳು ಚುರುಕಾಗಿದ್ದರೆ ಇನ್ನೊಬ್ಬನಿಗೆ ಲಯ ಹುಟ್ಟುಗುಣವಾಗಿ ಬಂದಿರುತ್ತದೆ. ಪ್ರತಿಯೊಬ್ಬನಿಗೂ ಒಪ್ಪುವ ವಿದ್ಯೆಯನ್ನು ಕೊಡಬೇಕಾದರೆ ಗುರುವಿಗೆ ಅವೆಲ್ಲವೂ ತಿಳಿದಿರಬೇಕು.

ನಡೆದಾಡುವ ಪಾಠಶಾಲೆ

1914ರ ಸುಮಾರಿಗೆ ಆರಂಭವಾದ ಅವರ ಸಂಗೀತ ಪಾಠಶಾಲೆಗೆ ಬಹುಕಾಲ ಸ್ವಂತ ಕಟ್ಟಡವೆಂಬುದು ಇರಲಿಲ್ಲ. ಗುರುಗಳು ಎಲ್ಲಿದ್ದರೋ ಅಲ್ಲಿಯೇ ಶಾಲೆ. ಒಂದು ಊರಿನ ಮಠದಲ್ಲಿ ಕೆಲವು ಕಾಲ, ಇನ್ನೊಂದು ಊರಿನ ಗುಡಿಯ ಪೌಳಿಯಲ್ಲಿ ಕೆಲವು ಕಾಲ. ಪುರಾಣ ಪ್ರವಚನ, ಜಾತ್ರೆ, ಶಿವಾನುಭವ ಗೋಷ್ಠಿಗಳಲ್ಲಿ ಶಿಷ್ಯರೊಡನೆ ಹಾಡುವುದು. ಭಕ್ತರು ನೀಡಿದ ಕಾಳುಕಡಿಯಿಂದ ಮಕ್ಕಳ ಹೊಟ್ಟೆ ತುಂಬಿಸುವುದು. ಮತ್ತೆ ಮುಂದಿನ ಊರಿಗೆ ಹೊರಡುವುದು. ಸಂಚಾರಿ ಪಾಠಶಾಲೆಯೆಂದು ಅದನ್ನು ಹಿರಿಯರು ಕರೆದದ್ದು ಅಕ್ಷರಶಃ ನಿಜ.

ಆ ಸಂಚಾರದ ಕಷ್ಟವನ್ನು ನಾವು ಇಂದು ಊಹಿಸಿಕೊಳ್ಳಬೇಕು. ಗುರುವಿಗೂ ಕಣ್ಣಿಲ್ಲ, ಶಿಷ್ಯರಲ್ಲಿ ಹಲವರಿಗೂ ಕಣ್ಣಿಲ್ಲ. ತಂಬೂರಿ, ತಬಲಾ, ಪೆಟ್ಟಿಗೆಗಳು ಗಾಡಿಯ ಅಲುಗಾಟಕ್ಕೆ ಒಡೆಯದಂತೆ ನೋಡಿಕೊಳ್ಳಬೇಕು. ಮಳೆಗಾಲದ ತಂಪಿಗೆ ತಬಲಾದ ಚರ್ಮ ಇಳಿಯುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ. ಚಿಕ್ಕ ಮಕ್ಕಳಿಗೆ ಜ್ವರ ಬರುತ್ತದೆ. ಊರಿನಲ್ಲಿ ಬರವಿದ್ದರೆ ಭಕ್ತರ ಜೋಳಿಗೆಯೂ ಬರಿದು. ಇಷ್ಟಿದ್ದರೂ ಕಲಿಕೆಗೆ ಶುಲ್ಕವೆಂಬುದಿರಲಿಲ್ಲ. ಜಾತಿ ಮತಗಳ ಕಟ್ಟೂ ಇರಲಿಲ್ಲ. ವಿದ್ಯೆ ಬೇಕೆಂದು ಬಂದ ಬಡ ಮಗುವಿಗೆ ಅಲ್ಲಿ ಎಡೆಯಿತ್ತು.

ದಾಸೋಹವೆಂದರೆ ಸಾಮಾನ್ಯವಾಗಿ ನಾವು ಅನ್ನದ ಪಂಕ್ತಿಯನ್ನು ನೆನೆಯುತ್ತೇವೆ. ಗವಾಯಿಗಳು ಅದಕ್ಕೆ ಒಂದು ಹೊಸ ಆಯಾಮವನ್ನು ಕೊಟ್ಟರು. ಹಾಡುವುದು ಅವರ ಕಾಯಕ. ಹಾಡಿನಿಂದ ಬಂದದ್ದನ್ನು ಮಕ್ಕಳಿಗೆ ಉಣಿಸುವುದು ದಾಸೋಹ. ಉಂಡ ಮಕ್ಕಳು ಕಲಿತು ಹಾಡುವುದು ಮತ್ತೆ ಕಾಯಕ. ಈ ಚಕ್ರ ನಿಲ್ಲದೆ ತಿರುಗಿದ್ದರಿಂದಲೇ ಅವರ ಕಲೆ ಬತ್ತಲಿಲ್ಲ. ತನಗಾಗಿ ಮಾತ್ರ ಹಾಡುವವನಿಗೆ ಒಂದು ದಿನ ಬೇಸರ ಬಂದೀತು. ಸಂಜೆಯೊಳಗೆ ಇಪ್ಪತ್ತು ಮಕ್ಕಳ ಗಂಜಿಗೆ ದಾರಿ ಮಾಡಬೇಕಾದವನು ಬೆಳಗಿನ ಸಾಧನೆಯನ್ನು ಹೇಗೆ ಬಿಟ್ಟಾನು?

ರಂಗಭೂಮಿಯ ದಾರಿ

1930ರಲ್ಲಿ ಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದರು. ಗವಾಯಿಗಳ ಬೆನ್ನಿಗಿದ್ದ ದೊಡ್ಡ ಆಸರೆ ಕಳಚಿತು. ಶಿಷ್ಯರ ಸಂಖ್ಯೆ ಬೆಳೆಯುತ್ತಲೇ ಇತ್ತು. ಪಾಠಶಾಲೆಯ ನಿರ್ವಹಣೆಗಾಗಿ ಅವರು ಹಿಡಿದ ದಾರಿಗಳಲ್ಲಿ ನಾಟಕ ಮಂಡಳಿಯೂ ಒಂದು.

ಇದು ಸುಲಭವಾಗಿ ಕೈಕೊಂಡ ಕೆಲಸವೆಂದು ಯಾರೂ ತಿಳಿಯಬಾರದು. ಅಂದಿನ ಸಮಾಜ ನಾಟಕವನ್ನು ನೋಡಲು ರಾತ್ರಿಯೆಲ್ಲ ಕುಳಿತಿರುತ್ತಿತ್ತು. ನಾಟಕದವರನ್ನು ಮಾತ್ರ ಹಗಲಲ್ಲಿ ಹತ್ತಿರ ಸೇರಿಸುತ್ತಿರಲಿಲ್ಲ. ವಿರಕ್ತಮಠದ ನೆರಳಿನಲ್ಲಿ ಬೆಳೆದ ಬ್ರಹ್ಮಚಾರಿಯೊಬ್ಬರು ಬಣ್ಣ, ಪರದೆಗಳ ಲೋಕಕ್ಕೆ ಕಾಲಿಡುವುದೆಂದರೆ ಹುಬ್ಬೇರಿಸುವವರಿಗೆ ಕೊರತೆಯಿರಲಿಲ್ಲ. ಗವಾಯಿಗಳು ಅದನ್ನು ಬೇರೆ ಕಣ್ಣಿನಿಂದ ನೋಡಿದರು. ಶರಣರ ಚರಿತ್ರೆಯನ್ನು ಓದಲು ಬಾರದ ಜನಕ್ಕೆ ರಂಗವೇ ಗ್ರಂಥ. ಹಾಡು ಕಲಿತ ಹುಡುಗನಿಗೆ ರಂಗವೇ ಪರೀಕ್ಷೆಯ ಕೋಣೆ. ಬಾಗಿಲಲ್ಲಿ ಮಾರಿದ ಟಿಕೇಟು ಶಾಲೆಯ ಒಲೆಗೆ ಸೌದೆ.

ಸಂಗೀತ ಮತ್ತು ನಾಟಕದ ನಂಟು ಅಂದು ತುಂಬ ಗಾಢವಾಗಿತ್ತು. ಉತ್ತರ ಕರ್ನಾಟಕದ ಹಿರಿಯ ಗಾಯಕರಲ್ಲಿ ಅನೇಕರು ರಂಗದಿಂದ ಬಂದವರು ಅಥವಾ ರಂಗದ ಮೇಲೆ ದುಡಿದವರು. ಸವಾಯಿ ಗಂಧರ್ವರು ನಾಟಕದಲ್ಲಿ ಪಾತ್ರ ಮಾಡಿ ಹೆಸರು ಪಡೆದವರು. ಮಲ್ಲಿಕಾರ್ಜುನ ಮನಸೂರರು ಬಾಲಕರಾಗಿದ್ದಾಗ ವಾಮನರಾವ್ ಮಾಸ್ತರರ ಮಂಡಳಿಯಲ್ಲಿ ಹಾಡುತ್ತಿದ್ದರು; ಅಲ್ಲಿಯೇ ನೀಲಕಂಠಬುವಾ ಅವರ ಕಣ್ಣಿಗೆ ಬಿದ್ದರು. ರಂಗಗೀತೆ ಹಾಡುವವನು ನಾಲ್ಕೈದು ನಿಮಿಷದಲ್ಲಿ ರಾಗದ ಮುಖವನ್ನು ತೋರಿಸಬೇಕು, ಸಾಹಿತ್ಯದ ಒಂದೊಂದು ಅಕ್ಷರವೂ ಕೊನೆಯ ಸಾಲಿನವನಿಗೆ ಮುಟ್ಟಬೇಕು, ಪಾತ್ರದ ದುಃಖ ಸಂತೋಷ ಸ್ವರದಲ್ಲಿ ಕಾಣಬೇಕು. ಈ ಶಿಸ್ತನ್ನು ಪಡೆದ ಗಾಯಕ ಬೈಠಕ್ಕಿನಲ್ಲಿ ಖ್ಯಾಲ್ ಹಾಡಿದಾಗ ಅವನ ಹಾಡಿಗೆ ಮಾತಿನ ಸ್ಪಷ್ಟತೆಯೂ ಭಾವದ ತೇವವೂ ಬರುತ್ತವೆ. ಅದೇ ರೀತಿ ಶಾಸ್ತ್ರೀಯ ಶಿಕ್ಷಣ ಪಡೆದವನು ರಂಗಕ್ಕೆ ಹೋದಾಗ ಅಲ್ಲಿನ ಹಾಡು ಅಗ್ಗವಾಗುವುದಿಲ್ಲ. ವಚನಗಳನ್ನು ಶಾಸ್ತ್ರೀಯ ರಾಗಗಳಲ್ಲಿ ಹಾಡುವ ಕ್ರಮಕ್ಕೆ ಗವಾಯಿಗಳ ಪರಂಪರೆಯಲ್ಲಿ ದೊರೆತ ಬೆಲೆಯನ್ನು ನಾವು ಈ ಹಿನ್ನೆಲೆಯಲ್ಲಿಯೇ ಅರ್ಥ ಮಾಡಿಕೊಳ್ಳಬೇಕು. ರಾಗ ಕೆಡಬಾರದು, ವಚನದ ಅರ್ಥವೂ ಮುಳುಗಬಾರದು. ಎರಡನ್ನೂ ತೂಗಿಸಬಲ್ಲವನು ರಂಗದ ಮೇಲೆ ಪಳಗಿರಬೇಕು.

ಘಟ್ಟದ ಕೆಳಗೆ ಚಾರ್ಮಾಡಿಯ ತಪ್ಪಲಿನ ನೆರಿಯ, ಬೆಳ್ತಂಗಡಿಯ ಕಡೆಯಲ್ಲಿರುವ ನಮ್ಮ ಓದುಗರಿಗೆ ಈ ಮಾತು ಬೇಗನೆ ಮನವರಿಕೆಯಾದೀತು. ಅವರ ಊರುಗಳಲ್ಲಿ ಯಕ್ಷಗಾನದ ಆಟವೆಂದರೆ ಹಾಡು, ಚೆಂಡೆ ಮದ್ದಳೆ, ಕುಣಿತ, ವೇಷ, ಅರ್ಥಗಾರಿಕೆ ಎಲ್ಲವೂ ಒಂದೇ ಇರುಳಿನಲ್ಲಿ ಕೂಡುವ ಕಲೆ. ಭಾಗವತರು ಪದ ಹಾಡುತ್ತಲೇ ಇಡೀ ಆಟವನ್ನು ನಡೆಸುತ್ತಾರೆ. ಮೇಳದ ಬದುಕು ನಡೆಯುವುದು ಭಕ್ತರ ಹರಕೆಯ ಆಟಗಳಿಂದ. ಧರ್ಮಸ್ಥಳದ ಮೇಳ ತಲೆಮಾರುಗಳಿಂದ ಉಳಿದು ಬಂದಿರುವುದಕ್ಕೆ ಕಲಾವಿದರ ಪ್ರತಿಭೆಯಷ್ಟೇ ಕ್ಷೇತ್ರದ ಆಶ್ರಯ ಮತ್ತು ಹರಕೆ ಹೊತ್ತ ಸಾಮಾನ್ಯ ಜನರ ಶ್ರದ್ಧೆ ಕಾರಣ. ಬಯಲುಸೀಮೆಯಲ್ಲಿ ಗವಾಯಿಗಳಿಗೆ ಅಂಥ ಸಿದ್ಧ ವ್ಯವಸ್ಥೆ ಇರಲಿಲ್ಲ. ಕಲೆಯನ್ನೂ ಅದಕ್ಕೆ ಆಶ್ರಯ ಕೊಡುವ ಸಮುದಾಯವನ್ನೂ ಅವರು ಏಕಕಾಲದಲ್ಲಿ ಕಟ್ಟಬೇಕಾಯಿತು.

ಶಿಷ್ಯನಿಗೆ ತಬಲಾ ನುಡಿಸಿದ ಗುರು

ಗವಾಯಿಗಳ ಕಿವಿ ಪ್ರತಿಭೆಯನ್ನು ಎಷ್ಟು ಬೇಗ ಹಿಡಿಯುತ್ತಿತ್ತೆಂಬುದಕ್ಕೆ ಬಸವರಾಜ ರಾಜಗುರುಗಳೇ ನಿದರ್ಶನ. ಧಾರವಾಡ ಜಿಲ್ಲೆಯ ಯಲಿವಾಳದ ಆ ಬಾಲಕನೂ ವಾಮನರಾವ್ ಮಾಸ್ತರರ ನಾಟಕ ಮಂಡಳಿಯಲ್ಲಿ ಇದ್ದವನೇ. ಹದಿಮೂರರ ಎಳೆ ವಯಸ್ಸಿನಲ್ಲಿ ಗವಾಯಿಗಳು ಅವನನ್ನು ಗುರುತಿಸಿ ಶಿಷ್ಯನನ್ನಾಗಿ ಸ್ವೀಕರಿಸಿದರು.

1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಜರುಗಿತು. ಕರ್ನಾಟಕದ ಏಕೀಕರಣದ ಕನಸು ಹೊತ್ತ ಗಣ್ಯರೂ ಕಲಾರಸಿಕರೂ ನೆರೆದ ಆ ಸಮಾರಂಭದಲ್ಲಿ ರಾಜಗುರುಗಳು ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಿದರು. ಅಂದು ಬಾಗೇಶ್ರೀ ರಾಗದಲ್ಲಿ ಅವರು ಹಾಡಿದ ನಿಜಗುಣ ಶಿವಯೋಗಿಗಳ ವಚನ ಜನಮನವನ್ನು ಸೂರೆಗೊಂಡಿತು. ಅವರಿಗೆ ತಬಲಾ ಸಾಥಿ ನೀಡಿದವರು ಸ್ವತಃ ಪಂಚಾಕ್ಷರ ಗವಾಯಿಗಳು.

ಈ ಸಂಗತಿಯ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ಸಂಗೀತ ಲೋಕದಲ್ಲಿ ಮುಖ್ಯ ಗಾಯಕನಿಗೂ ಪಕ್ಕವಾದ್ಯದವನಿಗೂ ಪಂಕ್ತಿಭೇದ ಬಹಳ. ಗುರುವೇ ಮುಂದೆ ಕುಳಿತು ಹಾಡುವುದು, ಶಿಷ್ಯ ಹಿಂದೆ ಕುಳಿತು ತಂಬೂರಿ ಮೀಟುವುದು ಲೋಕದ ರೂಢಿ. ಅಂಥ ಮಹಾಸಭೆಯಲ್ಲಿ ತಾವೇ ಹಾಡಿ ಕೀರ್ತಿ ಪಡೆಯುವ ಅವಕಾಶವಿದ್ದಾಗಲೂ ಗುರುಗಳು ಪಕ್ಕಕ್ಕೆ ಸರಿದು ಲಯದ ಆಸರೆಯನ್ನು ತಾವು ಹೊತ್ತರು. ಹೊಸಬನಾದ ಹುಡುಗ ಹೆದರಿ ತಾಳ ತಪ್ಪಿದರೆ ಎತ್ತಿ ಹಿಡಿಯಲು ಗುರುವಿನ ಬೆರಳುಗಳು ಸಿದ್ಧವಾಗಿದ್ದವು. ಹಲವು ವಿದ್ಯೆಗಳನ್ನು ಕಲಿತದ್ದರ ಸಾರ್ಥಕತೆ ಇಲ್ಲಿ ಕಾಣುತ್ತದೆ. ತಬಲಾ ಬಾರದ ಗಾಯಕನಾಗಿದ್ದರೆ ಅವರು ಶಿಷ್ಯನಿಗೆ ಈ ಬಗೆಯ ಬೆಂಬಲ ನೀಡಲಾಗುತ್ತಿರಲಿಲ್ಲ. ತನ್ನ ಹಿರಿಮೆಯನ್ನು ಮೆರೆಯುವುದಕ್ಕಾಗಿ ಕಲಿತವರಾಗಿದ್ದರೆ ತಬಲಾ ಬಂದರೂ ನುಡಿಸುತ್ತಿರಲಿಲ್ಲ. ಮುಂದೆ ರಾಜಗುರುಗಳು ಅನೇಕ ಗುರುಗಳ ಬಳಿ ಕಲಿತು ದೇಶದ ಹಿರಿಯ ಗಾಯಕರಲ್ಲಿ ಒಬ್ಬರಾದರು. ಹಿಂದೂಸ್ತಾನಿ ಗಾಯಕರಾಗಿಯೂ ವಚನ, ರಂಗಗೀತೆಗಳನ್ನು ಕೈಬಿಡಲಿಲ್ಲ. ಆ ಬಹುಮುಖತೆಯ ಬೀಜ ಬಿದ್ದದ್ದು ಗವಾಯಿಗಳ ಅಂಗಳದಲ್ಲಿ.

ಸಿದ್ಧರಾಮ ಜಂಬಲದಿನ್ನಿ, ಪಂಚಾಕ್ಷರಿಸ್ವಾಮಿ ಮತ್ತಿಗಟ್ಟಿ ಮೊದಲಾದವರೂ ಈ ಪರಂಪರೆಯ ಫಲಗಳೇ.

ಗದುಗಿನ ನೆಲೆ

ಸುಮಾರು ಮೂರು ದಶಕಗಳ ಅಲೆದಾಟದ ಅನಂತರ 1942ರಲ್ಲಿ ಪಾಠಶಾಲೆ ಗದುಗಿನಲ್ಲಿ ನೆಲೆನಿಂತಿತು. ಗದುಗಿನ ಭಕ್ತರಾದ ಬಸರಿಗಿಡದ ವೀರಪ್ಪನವರು ಅದಕ್ಕೆ ಆಶ್ರಯವಿತ್ತರು. ಕುಮಾರವ್ಯಾಸನ ಊರು, ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯ ಮಠವಿರುವ ಊರು, ಈಗ ನಾದಕ್ಕೂ ಮನೆಯಾಯಿತು. ಶ್ರೀ ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರು ನಾಡಿನ ಅಂಧ ಮಕ್ಕಳ ಪಾಲಿಗೆ ತವರಿನ ಹೆಸರಾಯಿತು.

ಆದರೆ ಆ ನೆಲೆಯ ಸುಖವನ್ನು ಗವಾಯಿಗಳು ಬಹುಕಾಲ ಕಾಣಲಿಲ್ಲ. ಅವು ಎರಡನೆಯ ಮಹಾಯುದ್ಧದ ವರ್ಷಗಳು. ಧಾನ್ಯದ ಅಭಾವ, ಬೆಲೆಯೇರಿಕೆ ಎಲ್ಲೆಡೆ. ದೀರ್ಘಕಾಲದ ದುಡಿಮೆ ಅವರ ದೇಹವನ್ನು ಹಣ್ಣು ಮಾಡಿತ್ತು. ನೆಲೆ ದೊರೆತು ಎರಡು ವರ್ಷವಾಗುವಷ್ಟರಲ್ಲಿ ಅವರು ಶಿವನಲ್ಲಿ ಒಂದಾದರು.

ಸಂಸ್ಥೆ ಕಟ್ಟಿದವರು ಹೋದೊಡನೆ ಸಂಸ್ಥೆಯೂ ಕುಸಿಯುವುದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ. ಪುಣ್ಯಾಶ್ರಮದಲ್ಲಿ ಹಾಗಾಗಲಿಲ್ಲ. ಅದಕ್ಕೆ ಕಾರಣ, ಗವಾಯಿಗಳು ಹಣವನ್ನು ಕೂಡಿಡದಿದ್ದರೂ ಶಿಷ್ಯನನ್ನು ಸಿದ್ಧಪಡಿಸಿ ಹೋಗಿದ್ದರು.

ಪುಟ್ಟರಾಜರಲ್ಲಿ ಮುಂದುವರಿದ ಗುರು

ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಜನಿಸಿದ ಪುಟ್ಟಯ್ಯ ಎಂಬ ಮಗು ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿತು. ಆ ಮಗು ಗವಾಯಿಗಳ ಮಡಿಲಿಗೆ ಬಂದು ಪುಟ್ಟರಾಜ ಗವಾಯಿಯಾಗಿ ಬೆಳೆಯಿತು. ಗುರುಗಳು ತಾವು ಕಲಿತ ಎರಡೂ ಪದ್ಧತಿಗಳನ್ನು ಶಿಷ್ಯನಿಗೆ ಕಲಿಸಿದರು. ಶಿಷ್ಯ ಅಲ್ಲಿಗೆ ನಿಲ್ಲಲಿಲ್ಲ. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಹೀಗೆ ಹಲವು ವಾದ್ಯಗಳು ಅವರ ಬೆರಳಿಗೆ ಒಲಿದವು. ಕನ್ನಡ, ಸಂಸ್ಕೃತ, ಹಿಂದಿ ಮೂರೂ ಭಾಷೆಗಳಲ್ಲಿ ಕೃತಿರಚನೆ ಮಾಡಿದರು. ಶರಣರ ಹಾಗೂ ಸತ್ಪುರುಷರ ಚರಿತ್ರೆಗಳನ್ನು ನಾಟಕಗಳಾಗಿ ಬರೆದರು. ಗುರುವಿನ ಹೆಸರಿನ ನಾಟ್ಯಸಂಘವನ್ನು ಊರೂರಿಗೆ ಕೊಂಡೊಯ್ದು ಅದರ ಆದಾಯದಿಂದ ಆಶ್ರಮವನ್ನು ಸಲಹಿದರು. ಭಕ್ತರು ನಡೆಸಿದ ತುಲಾಭಾರಗಳ ಕಾಣಿಕೆಯೂ ಮಕ್ಕಳ ದಾಸೋಹಕ್ಕೇ ಸಂದಿತು. 2010ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ನೀಡಿ ಗೌರವಿಸಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು.

ಗುರು ಮೂವತ್ತು ವರ್ಷ ಶಾಲೆಯನ್ನು ನಡೆಸಿದರು. ಶಿಷ್ಯ ಅದನ್ನು ಅರುವತ್ತಾರು ವರ್ಷ ನಡೆಸಿದರು. ಎರಡನ್ನೂ ಕೂಡಿದರೆ ಸುಮಾರು ಒಂದು ಶತಮಾನ. ಇಬ್ಬರೂ ಕಣ್ಣಿಲ್ಲದವರು. ಈ ಶತಮಾನದಲ್ಲಿ ಆ ಅಂಗಳದಿಂದ ಹೊರಟವರಲ್ಲಿ ರಾಷ್ಟ್ರಖ್ಯಾತಿಯ ಗಾಯಕರಿದ್ದಾರೆ. ಅವರಿಗಿಂತ ಹೆಚ್ಚಾಗಿ, ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ, ಪ್ರವಚನಗಳಲ್ಲಿ ಗಾಯಕರಾಗಿ, ತಬಲಾ ಸಾಥಿಗಳಾಗಿ, ಕೀರ್ತನಕಾರರಾಗಿ ಮರ್ಯಾದೆಯಿಂದ ಬಾಳಿದ ಸಾಮಾನ್ಯರಿದ್ದಾರೆ. ಶ್ರಾವಣಮಾಸದಲ್ಲಿ ಊರೂರಿನ ಮಠಗಳಲ್ಲಿ ಪುರಾಣ ನಡೆಯುವಾಗ ಹಾರ್ಮೋನಿಯಂ ಮುಂದೆ ಕುಳಿತವರು ಗದುಗಿನ ಆಶ್ರಮದಲ್ಲಿ ಕಲಿತವರೆಂದು ತಿಳಿದು ಜನ ಹೆಮ್ಮೆಪಡುವುದುಂಟು. ಕುಮಾರ ಸ್ವಾಮಿಗಳು ಬಯಸಿದ್ದು ಇದನ್ನೇ: ಚಾಚಿದ ಕೈ ವಾದ್ಯವನ್ನು ಹಿಡಿಯಬೇಕು, ಆ ಕೈ ಇನ್ನೊಬ್ಬರಿಗೆ ಕೊಡುವಂತಾಗಬೇಕು.

ಚಿಂದೋಡಿ ಲೀಲಾ ಅವರು ಗವಾಯಿಗಳ ಬದುಕನ್ನು ಚಲನಚಿತ್ರವಾಗಿಸಿದಾಗ ಹೊಸ ಪೀಳಿಗೆಗೂ ಅವರ ಹೆಸರು ತಲುಪಿತು. ಆ ಚಿತ್ರಕ್ಕಾಗಿ ಸಂಗೀತ ನಿರ್ದೇಶಕ ಹಂಸಲೇಖ ಅವರಿಗೂ ಗಾಯಕ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ದೊರೆತದ್ದು ಆ ನಾದಯೋಗಿಗೆ ಸಂದ ಕಾಣಿಕೆಯೇ ಸರಿ.

ನಮ್ಮ ಪಾಲಿನ ಹೊಣೆ

ಗವಾಯಿಗಳ ಬದುಕಿನಿಂದ ಎರಡು ಮಾತುಗಳನ್ನು ಭಕ್ತರ ಮುಂದಿಡಲು ಬಯಸುತ್ತೇವೆ.

ಮೊದಲನೆಯದು ಕಲಿಯುವವರಿಗೆ. ಹಲವು ಕಲೆಗಳಲ್ಲಿ ಕೈಯಾಡಿಸುವುದು ಬೇರೆ, ಹಲವು ಕಲೆಗಳನ್ನು ಒಂದು ಬೇರಿನಿಂದ ಬೆಳೆಸುವುದು ಬೇರೆ. ಗವಾಯಿಗಳ ಬೇರು ಸ್ವರ ಮತ್ತು ಲಯ. ಅದು ಆಳಕ್ಕೆ ಇಳಿದ ಮೇಲೆ ಹಾಡು, ವಾದ್ಯ, ನಾಟಕ, ಬೋಧನೆ ಎಲ್ಲವೂ ಅದರ ಕೊಂಬೆಗಳಾದವು. ಇಂದು ನಮ್ಮ ಮಕ್ಕಳು ಆರು ತಿಂಗಳು ತಬಲಾ, ಆರು ತಿಂಗಳು ಕೀಬೋರ್ಡು, ಅನಂತರ ನೃತ್ಯವೆಂದು ತರಗತಿಯಿಂದ ತರಗತಿಗೆ ಅಲೆಯುತ್ತಾರೆ. ತಂದೆತಾಯಿಗಳು ಒಂದನ್ನು ಗಟ್ಟಿಯಾಗಿ ಹಿಡಿಸಲಿ. ಉಳಿದವು ತಾವಾಗಿ ಬಂದು ಸೇರುತ್ತವೆ.

ಎರಡನೆಯದು ಕಲಿಸುವವರಿಗೆ ಮತ್ತು ಪೋಷಿಸುವವರಿಗೆ, ಅಂದರೆ ಮಠಗಳಾದ ನಮಗೂ ಸದ್ಭಕ್ತರಾದ ತಮಗೂ ಸೇರಿದ್ದು. ಗದಿಗೆಯ್ಯನೆಂಬ ಬಾಲಕನ ಕಂಠ ಎಷ್ಟೇ ಮಧುರವಾಗಿದ್ದರೂ ಕುಮಾರ ಸ್ವಾಮಿಗಳು ಕೇಳದೆ ಹೋಗಿದ್ದರೆ ಅದು ಕಾಡಶೆಟ್ಟಿಹಳ್ಳಿಯ ಅಗಸಿಯನ್ನು ದಾಟುತ್ತಿರಲಿಲ್ಲ. ಅವರು ಕೇಳಿದರು, ಕೇಳಿ ಸುಮ್ಮನಾಗದೆ ವರ್ಷಗಟ್ಟಲೆ ಶಿಕ್ಷಣದ ವೆಚ್ಚವನ್ನು ಹೊತ್ತರು, ಫಲ ಬೇಗ ಬರಲಿಲ್ಲವೆಂದು ಕೈಬಿಡಲಿಲ್ಲ. ಜಾತ್ರೆಯ ವೇದಿಕೆಗೆ, ಬೆಳಕಿನ ಅಲಂಕಾರಕ್ಕೆ ನಾವು ವೆಚ್ಚ ಮಾಡುವಾಗ ಅದರಲ್ಲಿ ಒಂದು ಪಾಲನ್ನು ಒಬ್ಬ ಬಡ ವಿದ್ಯಾರ್ಥಿಯ ಸಂಗೀತ ಪಾಠಕ್ಕೆ ತೆಗೆದಿಡಬಾರದೇಕೆ? ವೇದಿಕೆಯನ್ನು ಮರುದಿನ ಬಿಚ್ಚುತ್ತಾರೆ. ಕಲಿತ ವಿದ್ಯೆ ಅರುವತ್ತಾರು ವರ್ಷ ಅನ್ನ ಹಾಕಬಲ್ಲದೆಂಬುದನ್ನು ಗದುಗಿನ ಆಶ್ರಮ ತೋರಿಸಿಕೊಟ್ಟಿದೆ.

ನಮ್ಮ ಊರುಗಳಲ್ಲಿ ಇಂದಿಗೂ ಹಾಡುವ ಮಕ್ಕಳಿದ್ದಾರೆ. ಭಜನೆಯ ಹಿಂದಿನ ಸಾಲಿನಲ್ಲಿ, ಶಾಲೆಯ ಪ್ರಾರ್ಥನೆಯಲ್ಲಿ, ಹೊಲದ ಬದುವಿನಲ್ಲಿ ಅವರ ದನಿ ಕೇಳುತ್ತದೆ. ಅಂಥ ಮಗುವನ್ನು ಕಂಡವರು ಹತ್ತಿರದ ಗುರುವಿನ ಬಳಿಗೆ ಕರೆದೊಯ್ಯಲಿ, ಇಲ್ಲವೆ ಮಠಕ್ಕೆ ಕರೆತರಲಿ. ಗಾನಯೋಗಿಗಳ ಪುಣ್ಯಸ್ಮರಣೆಗೆ ಅದಕ್ಕಿಂತ ಮಿಗಿಲಾದ ಪೂಜೆ ಬೇರಿಲ್ಲ.